ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ನಿಜವಾಗಿ ಎಷ್ಟು ಗೊತ್ತು? ಪತ್ತೆ ಹಚ್ಚುವುದು ಹೀಗೆ

ಹತ್ತನೇ ಕ್ಲಾಸಿನ ಯಾವ ಹುಡುಗನನ್ನಾದರೂ ನಿಲ್ಲಿಸಿ ದ್ಯುತಿಸಂಶ್ಲೇಷಣೆ ಎಂದರೇನು ಅಂತ ಕೇಳಿ. ಸಮೀಕರಣ ಸಮೇತ ಗಡಗಡ ಒಪ್ಪಿಸುತ್ತಾನೆ. ಆಮೇಲೆ ಇದನ್ನು ಕೇಳಿ ನೋಡಿ: ಶಾಲೆ ಅಂಗಳದ ಹಲಸಿನ ಮರ ಹುಟ್ಟಿದ್ದು ಒಂದು ಬೀಜದಿಂದ, ಈಗ ಅದನ್ನು ಕಡಿದರೆ ಸಾಗಿಸೋಕೆ ಲಾರಿ ಬೇಕು. ಅಷ್ಟೂ ತೂಕ ಎಲ್ಲಿಂದ ಬಂತು? 'ಮಣ್ಣಿಂದ ಸರ್' ಅನ್ನುತ್ತಾನೆ. ಇಲ್ಲವಾದರೆ 'ಗೊಬ್ಬರದಿಂದ'. ಈಗಷ್ಟೇ ಅವನೇ ಹೇಳಿದ ಸಮೀಕರಣದಲ್ಲಿ ಮಣ್ಣೂ ಇರಲಿಲ್ಲ, ಗೊಬ್ಬರವೂ ಇರಲಿಲ್ಲ. ಇದ್ದದ್ದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಮತ್ತು ನೀರು. ಆ ಎರಡು ಮಾತಿಗೂ ನಂಟಿದೆ ಅಂತ ಅವನಿಗೆ ಹೊಳೆದೇ ಇಲ್ಲ.

ಹುಡುಗ ದಡ್ಡ ಅಲ್ಲ. ನಾವು ಕೇಳುವ ಪ್ರಶ್ನೆಗಳು ಹಾಗಿವೆ. ಎಸ್ಸೆಸ್ಸೆಲ್ಸಿ ವಿಜ್ಞಾನದ 80 ಅಂಕದ ಲಿಖಿತ ಪರೀಕ್ಷೆ, 20 ಅಂಕದ ಆಂತರಿಕ ಮೌಲ್ಯಮಾಪನ ಅದರ ಪಾಡಿಗೆ ನಡೆಯಲಿ, ಅದಕ್ಕೆ ಅದರದೇ ಕೆಲಸ ಇದೆ. ಆದರೆ ಮಗುವಿನ ತಲೆಯಲ್ಲಿ ಏನು ಕೂತಿದೆ ಅಂತ ತಿಳಿಯಬೇಕಾದರೆ ಬೇರೆ ಥರ ಕೇಳಬೇಕು, ಸರಿ ಉತ್ತರಗಳನ್ನು ಎಣಿಸುವುದಕ್ಕಿಂತ ತಪ್ಪು ಉತ್ತರಗಳನ್ನು ಓದಬೇಕು. ಎಂಟರಿಂದ ಹತ್ತನೇ ತರಗತಿವರೆಗೆ ಕಲಿಸುವವರು ಜೂನ್‌ನಲ್ಲಿ ಶಾಲೆ ಶುರುವಾದಾಗ ಮಾಡಿಕೊಳ್ಳಬಹುದಾದ ಒಂದು ಸಣ್ಣ ಪರೀಕ್ಷೆಯ ವಿಧಾನ ಕೆಳಗಿದೆ. ಟ್ಯೂಷನ್ ಮಾಡುವವರಿಗೂ, ಮನೆಯಲ್ಲೇ ಮಕ್ಕಳನ್ನು ಕೂರಿಸಿಕೊಳ್ಳುವ ಅಪ್ಪ ಅಮ್ಮನಿಗೂ ಇದು ನಡೆಯುತ್ತದೆ.

ಮೊದಲು ತಪ್ಪು ಉತ್ತರ ಸಂಗ್ರಹಿಸಿ

ಪಾಠಗಳ ಪಟ್ಟಿ ಇಟ್ಟುಕೊಂಡು ಕೂರಬೇಡಿ. ಹತ್ತು ವಿಚಾರ ಆರಿಸಿ. ಶಾಖ ಹೇಗೆ ಹರಿಯುತ್ತದೆ, ಕರಗಿದ ವಸ್ತು ಎಲ್ಲಿ ಹೋಗುತ್ತದೆ, ನಮಗೆ ವಸ್ತು ಕಾಣುವುದು ಹೇಗೆ, ಮಂಡಲದಲ್ಲಿ ವಿದ್ಯುತ್ ಏನಾಗುತ್ತದೆ, ಗಿಡ ಬೆಳೆಯುವುದು ಏನು ತಿಂದು, ಇಂಥವು. ಮುಂದಿನ ಪಾಠಗಳೆಲ್ಲ ಇವುಗಳ ಮೇಲೇ ನಿಂತಿರುತ್ತವೆ.

ಒಂದೊಂದಕ್ಕೂ ಒಂದೊಂದು ಬಿಡಿ ಪ್ರಶ್ನೆ, ಆಯ್ಕೆ ಇಲ್ಲದೆ. ಅರ್ಧ ಹಾಳೆ ಕೊಟ್ಟು 'ನಿಮಗೆ ಅನ್ನಿಸಿದ್ದನ್ನು ಬರೆಯಿರಿ, ಪುಸ್ತಕದ ಭಾಷೆ ಬೇಡ' ಅಂತ ಹೇಳಿ. ಹೆಸರೂ ಬೇಡ. ಬಂದ ಹಾಳೆಗಳನ್ನು ರಾಶಿ ಹಾಕಿ, ಒಂದೇ ಥರದ ತಪ್ಪುಗಳನ್ನು ಒಟ್ಟಿಗೆ ಸೇರಿಸಿ. ಒಂದೊಂದು ಪ್ರಶ್ನೆಗೆ ಮೂರೋ ನಾಲ್ಕೋ ಗುಂಪು ಆಗುತ್ತವೆ, ಅದಕ್ಕಿಂತ ಜಾಸ್ತಿ ಆಗುವುದು ಅಪರೂಪ. ಮಕ್ಕಳ ತಪ್ಪುಗಳು ಮನಸ್ಸಿಗೆ ಬಂದ ಹಾಗೆ ಇರುವುದಿಲ್ಲ, ಅವಕ್ಕೂ ಒಂದು ಲೆಕ್ಕಾಚಾರ ಇರುತ್ತದೆ.

ಬಹು ಆಯ್ಕೆ ಪ್ರಶ್ನೆಯಲ್ಲಿ ತಪ್ಪು ಆಯ್ಕೆಗಳಾಗಿ ಈ ಉತ್ತರಗಳನ್ನೇ ಹಾಕಿ. ಸಾಮಾನ್ಯವಾಗಿ ನಾವು ಒಂದು ಸರಿ ಉತ್ತರ ಬರೆದು, ಉಳಿದ ಮೂರನ್ನು ರಾತ್ರಿ ಹತ್ತು ಗಂಟೆಗೆ ಆಕಳಿಸುತ್ತಾ ಸುಮ್ನೆ ತುಂಬಿಸುತ್ತೇವೆ, ಅಲ್ವಾ? ಅಂಥ ಆಯ್ಕೆಗಳನ್ನು ಯಾರೂ ಮುಟ್ಟುವುದಿಲ್ಲ. ಏನೂ ಗೊತ್ತಿಲ್ಲದ ಮಗುವೂ ಮೂರನ್ನು ಹೊಡೆದುಹಾಕಿ ಸರಿ ಉತ್ತರಕ್ಕೆ ಬಂದು ನಿಲ್ಲುತ್ತದೆ.

ಉತ್ತರದ ಜೊತೆ ಕಾರಣ ಕೇಳಿ

ಇಲ್ಲೊಂದು ಪ್ರಶ್ನೆಯನ್ನು ಪೂರ್ತಿ ಕೊಡುತ್ತೇನೆ.

ಒಂದೇ ಅಳತೆಯ ಎರಡು ಐಸ್ ತುಂಡುಗಳಿವೆ. ಒಂದನ್ನು ತಟ್ಟೆಯಲ್ಲಿ ಹಾಗೇ ಇಟ್ಟಿದೆ. ಇನ್ನೊಂದನ್ನು ಉಣ್ಣೆ ಕಂಬಳಿಯಲ್ಲಿ ಸುತ್ತಿಟ್ಟಿದೆ. ಯಾವುದು ಬೇಗ ಕರಗುತ್ತದೆ? ತಟ್ಟೆಯದು / ಕಂಬಳಿಯದು / ಎರಡೂ ಒಟ್ಟಿಗೆ.

ಯಾಕೆ?
ಅ) ಕಂಬಳಿ ಬಿಸಿ ಕೊಡುತ್ತದೆ.
ಆ) ಕಂಬಳಿ ಒಳಗಿನ ತಂಪನ್ನು ಹೊರಗೆ ಹೋಗಲು ಬಿಡುವುದಿಲ್ಲ.
ಇ) ಹೊರಗಿನ ಶಾಖ ಒಳಗೆ ಬರುವುದನ್ನು ಕಂಬಳಿ ತಡೆಯುತ್ತದೆ.
ಈ) ಎರಡೂ ಐಸೇ, ಸುತ್ತಿದರೆ ಏನೂ ವ್ಯತ್ಯಾಸ ಆಗುವುದಿಲ್ಲ.

'ಕಂಬಳಿಯದು, ಅ' ಅಂದ ಮಗು ಕಂಬಳಿಯನ್ನೇ ಒಲೆ ಅಂದುಕೊಂಡಿದೆ. ಚಳಿಗಾಲದಲ್ಲಿ ಹೊದ್ದಾಗ ಬೆಚ್ಚಗಾಗುತ್ತದಲ್ಲ, ಅದರ ಅನುಭವಕ್ಕೆ ಅದು ಸರಿಯೇ. ನೋಡಬೇಕಾದ್ದು 'ತಟ್ಟೆಯದು, ಆ' ಅಂದವರನ್ನು. ಬರೀ ಮೊದಲ ಭಾಗ ಕೇಳಿದ್ದರೆ ಇವರಿಗೆ ಪೂರ್ತಿ ಅಂಕ ಸಿಗುತ್ತಿತ್ತು. ಆದರೆ ತಂಪು ಅನ್ನುವುದೇ ಹರಿದಾಡುವ ಒಂದು ವಸ್ತು ಅಂತ ಇವರ ಎಣಿಕೆ. ಮುಂದೆ ಶಾಖದ ಲೆಕ್ಕ ಬಂದಾಗ ಸೂತ್ರ ಹಾಕಿ ಉತ್ತರ ತೆಗೆಯುತ್ತಾರೆ, ಒಳಗಿನ ಎಣಿಕೆ ಹಾಗೇ ಉಳಿದಿರುತ್ತದೆ.

ಇಂಥ ಎರಡು ಹಂತದ ಪ್ರಶ್ನೆಗಳನ್ನು ಆಸ್ಟ್ರೇಲಿಯಾದ ವಿಜ್ಞಾನ ಶಿಕ್ಷಣ ಸಂಶೋಧಕ ಡೇವಿಡ್ ಟ್ರೀಗಸ್ಟ್ 1980ರ ದಶಕದಲ್ಲಿ ಒಂದು ಪದ್ಧತಿಯಾಗಿ ಬೆಳೆಸಿದರು. ಕುರುಡು ಅದೃಷ್ಟಕ್ಕೆ ಇಲ್ಲಿ ಜಾಗ ಕಡಿಮೆ, ಇದೂ ಒಂದು ಲಾಭ. ನಾಲ್ಕು ಆಯ್ಕೆಯ 20 ಪ್ರಶ್ನೆಗೆ ಕಣ್ಣು ಮುಚ್ಚಿ ಟಿಕ್ ಹಾಕಿದರೂ ಸರಾಸರಿ 5 ಸರಿ ಬರುತ್ತವೆ. ಮೇಲಿನ ಪ್ರಶ್ನೆಯಲ್ಲಿ ಎರಡೂ ಭಾಗ ಸರಿಯಾಗುವ ಸಾಧ್ಯತೆ ಹನ್ನೆರಡರಲ್ಲಿ ಒಂದು. ಪಕ್ಕದಲ್ಲಿ ಇನ್ನೊಂದು ಪುಟ್ಟ ಕಾಲಂ ಇಡಿ: ಖಚಿತ, ಅನುಮಾನ, ಊಹೆ. ತಪ್ಪು ಉತ್ತರದ ಮುಂದೆ 'ಊಹೆ' ಅಂತಿದ್ದರೆ ಆ ಮಗುವಿಗೆ ಪಾಠ ಮಾಡಿದರೆ ಸಾಕು. 'ಖಚಿತ' ಅಂತಿದ್ದರೆ ಪಾಠ ಮಾತ್ರ ಸಾಲದು. ಐಸ್ ತಂದು, ಕಂಬಳಿ ಸುತ್ತಿ, ಕಣ್ಣೆದುರೇ ತೋರಿಸಬೇಕು.

ಪ್ರಶ್ನೆ ಎಲ್ಲಿಂದ ತರುವುದು?

ಗೈಡಿನಿಂದ ಅಂತೂ ಬೇಡ. ಪುಸ್ತಕದ ಅಭ್ಯಾಸ ಪ್ರಶ್ನೆಯನ್ನೇ ಸ್ವಲ್ಪ ತಿರುಚಿದರೆ ಒಳ್ಳೆ ಪ್ರಶ್ನೆ ಸಿಗುತ್ತದೆ. ಹತ್ತನೇ ತರಗತಿಯ ಬೆಳಕು ಪಾಠದಲ್ಲಿ ಪೀನ ಮಸೂರದ ಅರ್ಧ ಭಾಗಕ್ಕೆ ಕಪ್ಪು ಕಾಗದ ಅಂಟಿಸಿದರೆ ಪೂರ್ಣ ಬಿಂಬ ಬರುತ್ತದೆಯೇ ಅಂತ ಒಂದು ಪ್ರಶ್ನೆ ಇದೆ. ಚೆನ್ನಾದ ಪ್ರಶ್ನೆ, ಆದರೆ ಉತ್ತರ ಎಲ್ಲರಿಗೂ ಬಾಯಿಪಾಠ. ಅದನ್ನೇ ಹೀಗೆ ಕೇಳಿ: ಕಪ್ಪು ಕಾಗದವನ್ನು ಒಂದು ರೂಪಾಯಿ ನಾಣ್ಯದಷ್ಟು ದುಂಡಗೆ ಕತ್ತರಿಸಿ ದೊಡ್ಡ ಮಸೂರದ ನಟ್ಟನಡುವೆ ಅಂಟಿಸಿದರೆ? ಈಗಲೂ ಬಿಂಬ ಪೂರ್ತಿಯೇ ಬರುತ್ತದೆ, ಸ್ವಲ್ಪ ಮಂಕಾಗುತ್ತದೆ ಅಷ್ಟೇ. ಅರ್ಥ ಆದವರು ಹೇಳುತ್ತಾರೆ. ಬಾಯಿಪಾಠದವರು ಬಿಂಬದ ನಡುವೆ ಒಂದು ತೂತು ಬರೆಯುತ್ತಾರೆ.

ಚಿತ್ರ ಬರೆಸುವ ಪ್ರಶ್ನೆ ಒಂದಾದರೂ ಇರಲಿ. ಸೂರ್ಯ, ಮರ, ಒಂದು ಕಣ್ಣು ಬರೆದುಕೊಡಿ. ಮರ ಕಾಣುವುದು ಹೇಗೆ ಅಂತ ಬಾಣದ ಗೆರೆ ಎಳೆಯಲು ಹೇಳಿ. ಕಣ್ಣಿನಿಂದ ಮರದ ಕಡೆಗೆ ಬಾಣ ಎಳೆಯುವವರು ಸಿಕ್ಕೇ ಸಿಗುತ್ತಾರೆ, ಪ್ರತಿಫಲನದ ನಿಯಮ ತಪ್ಪಿಲ್ಲದೆ ಬರೆಯುವವರಲ್ಲೂ.

ನಮ್ಮ ಊರಿನ ಆಕಾಶವನ್ನೂ ಬಳಸಿ. 'ಬೆಂಗಳೂರಿನಲ್ಲಿ ವರ್ಷಕ್ಕೆ ಎಷ್ಟು ದಿನ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ?' 'ದಿನಾ ಬರುತ್ತಾನಲ್ಲ' ಅನ್ನುವವರೇ ಜಾಸ್ತಿ. ಬರುವುದು ವರ್ಷಕ್ಕೆ ಎರಡೇ ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು. ಶೂನ್ಯ ನೆರಳಿನ ದಿನ ಅಂತ ಪತ್ರಿಕೆಗಳಲ್ಲೂ ಬರುತ್ತದೆ. ಬೀದರ್, ಕಲಬುರಗಿ ಕಡೆ ಮೊದಲನೆಯದು ಮೇ ತಿಂಗಳಿಗೆ ಹೋಗುತ್ತದೆ. ಇದರ ಬಾಲಕ್ಕೆ ಇನ್ನೊಂದು: ದೆಹಲಿಯಲ್ಲಿ ಎಷ್ಟು ಸಲ? ಒಂದು ಸಲವೂ ಇಲ್ಲ, ಅದು ಕರ್ಕಾಟಕ ಸಂಕ್ರಾಂತಿ ವೃತ್ತದ ಆಚೆಗಿದೆ. ಮೊದಲನೆಯದು ತಪ್ಪಾಗಿ ಎರಡನೆಯದು ಸರಿ ಮಾಡುವ ಮಕ್ಕಳೂ ಇರುತ್ತಾರೆ. ಅಂಥವರನ್ನು ಕೂರಿಸಿ ಮಾತಾಡಿಸಿ.

ಕರೆಂಟ್ ಬಿಲ್ ಕೂಡ ಒಳ್ಳೆ ಪ್ರಶ್ನೆಪತ್ರಿಕೆ. ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಯಲ್ಲಿ ಬಿಲ್ ಸೊನ್ನೆ, ಹಾಗಾಗಿ ಅದನ್ನು ಯಾರೂ ಓದುವುದೇ ಇಲ್ಲ. ಆದರೂ ಬಳಸಿದ ಯೂನಿಟ್ ಅದರಲ್ಲಿ ಇರುತ್ತದೆ. 10 ವ್ಯಾಟ್‌ನ ಎಲ್ಇಡಿ ಬಲ್ಬ್ ದಿನಕ್ಕೆ 10 ಗಂಟೆಯಂತೆ 30 ದಿನ ಉರಿದರೆ ಎಷ್ಟು ಯೂನಿಟ್? 3. ಅದೇ ಜಾಗದಲ್ಲಿ ಹಳೇ 60 ವ್ಯಾಟ್ ಬಲ್ಬ್ ಇದ್ದಿದ್ದರೆ 18. ಲೆಕ್ಕ ಮಾಡಿದ ಮೇಲೆ 'ಯೂನಿಟ್ ಅಂದರೆ ಏನನ್ನು ಅಳೆಯುತ್ತಿದ್ದೇವೆ' ಅಂತ ಒಂದು ಸಾಲು ಬರೆಸಿ. 'ಕರೆಂಟ್' ಅಂತ ಬರೆದರೆ ಇನ್ನೂ ಕೆಲಸ ಇದೆ ಅಂತ ಅರ್ಥ. ಅದು ಶಕ್ತಿಯ ಅಳತೆ, ಕಿಲೋವ್ಯಾಟ್ ಗಂಟೆ.

ಇನ್ನು ಕೆಲವು, ಬೇಗ ಬೇಗ. 100 ಗ್ರಾಂ ನೀರಿಗೆ 10 ಗ್ರಾಂ ಉಪ್ಪು ಹಾಕಿ ಕದಡಿದರೆ ತೂಕ ಎಷ್ಟು? ಕುದಿಯುವ ನೀರಿನ ದೊಡ್ಡ ಗುಳ್ಳೆಗಳೊಳಗೆ ಏನಿದೆ? ಗಿಡ ಹಗಲಲ್ಲಿ ಉಸಿರಾಡುತ್ತದೆಯೇ? ಕೊನೆಯದಕ್ಕೆ ಹುಣಸೆ ಮರದ ಕೆಳಗೆ ರಾತ್ರಿ ಮಲಗಬಾರದು ಅನ್ನುವ ಅಜ್ಜಿ ಮಾತಿನ ಸಮೇತ ಉತ್ತರ ಬರುತ್ತದೆ, ಬರಲಿ.

ಕೈಗೆ ಕೊಟ್ಟು ನೋಡಿ

ಬರವಣಿಗೆಯಲ್ಲಿ ಸಿಗದ ಒಂದು ವಿಷಯ ಕೈಯಲ್ಲಿ ಸಿಗುತ್ತದೆ. 1.5 ವೋಲ್ಟ್‌ನ ಒಂದು ಸೆಲ್, ಒಂದು ಹಳೇ ಥರದ ಟಾರ್ಚ್ ಬಲ್ಬ್, ಒಂದೇ ಒಂದು ವೈರ್ ತುಂಡು. ವೈರಿನ ಎರಡೂ ತುದಿ ಹೆರೆದಿರಲಿ. ಹೋಲ್ಡರ್ ಬೇಡ. 'ಬಲ್ಬ್ ಹತ್ತಿಸಿ' ಅಂತ ಹೇಳಿ ಸುಮ್ಮನಿದ್ದುಬಿಡಿ.

ಬಹಳ ಮಕ್ಕಳು ಬಲ್ಬಿನ ಕೆಳಗಿನ ಮೊಳೆಯನ್ನು ಸೆಲ್ಲಿನ ಮೇಲೆ ಇಟ್ಟು ಕಾಯುತ್ತಾರೆ. ಹತ್ತದಿದ್ದರೆ ವೈರನ್ನು ಸೆಲ್ಲಿನ ಇನ್ನೊಂದು ತುದಿಯಿಂದ ತಂದು ಮತ್ತೆ ಅದೇ ಮೊಳೆಗೆ ಮುಟ್ಟಿಸುತ್ತಾರೆ. ಆಗ ಸೆಲ್ ಶಾರ್ಟ್ ಆಗಿ ವೈರ್ ಬಿಸಿಯಾಗುತ್ತದೆ, ಬೇಗ ಬಿಡಿಸಿ. ಕೊನೆಗೆ ಒಬ್ಬಳು ವೈರನ್ನು ಬಲ್ಬಿನ ಪಕ್ಕದ ತಗಡಿಗೆ ಮುಟ್ಟಿಸಿದಾಗ ಹತ್ತುತ್ತದೆ. ಬಲ್ಬಿಗೆ ಎರಡು ಜಾಗದಲ್ಲಿ ಸಂಪರ್ಕ ಬೇಕು, ಒಂದು ಕೆಳಗಿನ ಮೊಳೆ, ಇನ್ನೊಂದು ಸುತ್ತಲಿನ ತಗಡು. ವಿದ್ಯುನ್ಮಂಡಲದ ಚಿತ್ರ ಸ್ಕೇಲ್ ಇಟ್ಟು ನೀಟಾಗಿ ಬರೆಯುವ ಮಕ್ಕಳೂ ಇಲ್ಲಿ ತಡವರಿಸುತ್ತಾರೆ, ಯಾಕೆಂದರೆ ಚಿತ್ರದಲ್ಲಿ ಬಲ್ಬ್ ಅನ್ನುವುದು ಒಂದು ಚಿಹ್ನೆ ಅಷ್ಟೇ.

ಇಲ್ಲಿ ನೀವು ಬರೆದುಕೊಳ್ಳಬೇಕಾದ್ದು ಮೂರೇ: ಮೊದಲ ಪ್ರಯತ್ನ ಏನು, ಹತ್ತದಿದ್ದಾಗ ಏನು ಬದಲಿಸಿದರು, ಹತ್ತಿದ ಮೇಲೆ ಯಾಕೆ ಅಂತ ಹೇಳಲು ಬಂತೇ. ಎಷ್ಟು ನಿಮಿಷ ಹಿಡಿಯಿತು ಅನ್ನುವುದು ಬೇಡ. ಟಾರ್ಚ್ ಬಲ್ಬ್ ಈಗ ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ, ಹಳೇ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೇಳಿ. ಸಿಗದಿದ್ದರೆ ಸಣ್ಣ ಎಲ್ಇಡಿ ಮತ್ತು 3 ವೋಲ್ಟ್‌ನ ಬಟನ್ ಸೆಲ್ ಆಗುತ್ತದೆ, ಉದ್ದ ಕಾಲು ಪ್ಲಸ್ ಕಡೆಗೆ. ಆದರೆ ಅದರಲ್ಲಿ ತಪ್ಪು ಮಾಡುವ ಅವಕಾಶ ಕಡಿಮೆ, ಹಾಗಾಗಿ ನಿಮಗೆ ತಿಳಿಯುವುದೂ ಕಡಿಮೆ.

ಪರೀಕ್ಷೆಯ ದಿನ

ಅಂಕ ಇಲ್ಲ ಅಂತ ಮೊದಲೇ ಹೇಳಿ, ಹೇಳಿದ ಮೇಲೆ ಮಾತು ಉಳಿಸಿಕೊಳ್ಳಿ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅಂಕದ ಜೊತೆ ಇದನ್ನು ಸೇರಿಸಿದಿರೋ, ಮುಂದಿನ ಸಲ ಮಕ್ಕಳು ತಮಗೆ ಅನ್ನಿಸಿದ್ದನ್ನು ಬರೆಯುವುದಿಲ್ಲ, ನಿಮಗೆ ಇಷ್ಟವಾಗುವುದನ್ನು ಬರೆಯುತ್ತಾರೆ. 12 ಪ್ರಶ್ನೆ, ಒಂದು ಪಿರಿಯಡ್ ಸಾಕು. ಪಕ್ಕದವರದ್ದು ನೋಡುತ್ತಾರೆ ಅನ್ನಿಸಿದರೆ ಪ್ರಶ್ನೆಗಳ ಕ್ರಮ ಬದಲಿಸಿ ಎರಡು ಥರ ಜೆರಾಕ್ಸ್ ಮಾಡಿಸಿ. ಯಾವುದೋ ಪದ ಅರ್ಥವಾಗಲಿಲ್ಲ ಅಂತ ಕೇಳಿದರೆ ಬಿಡಿಸಿ ಹೇಳಿ, ನೀವು ಪರೀಕ್ಷಿಸುತ್ತಿರುವುದು ಭಾಷೆಯನ್ನಲ್ಲ.

ಎಣಿಕೆ

ಒಂದು ದೊಡ್ಡ ಹಾಳೆಯಲ್ಲಿ ಅಡ್ಡಕ್ಕೆ ಪ್ರಶ್ನೆ, ಉದ್ದಕ್ಕೆ ಮಕ್ಕಳ ಹೆಸರು. ಸರಿ ತಪ್ಪು ಗುರುತು ಹಾಕಬೇಡಿ, ಆರಿಸಿದ ಅಕ್ಷರವನ್ನೇ ಬರೆಯಿರಿ. ಯಾವ ತಪ್ಪು ಎಷ್ಟು ಜನರದ್ದು ಅಂತ ಆಗ ಕಣ್ಣಿಗೆ ಕಾಣುತ್ತದೆ.

ಆಮೇಲೆ ಪ್ರಶ್ನೆಗಳನ್ನೇ ಪರೀಕ್ಷಿಸಿ. ಒಟ್ಟು ಸರಿ ಉತ್ತರದ ಮೇಲೆ ಮಕ್ಕಳನ್ನು ಜೋಡಿಸಿ, ಮೇಲಿನ ಶೇಕಡ 27, ಕೆಳಗಿನ ಶೇಕಡ 27 ಮಕ್ಕಳನ್ನು ತೆಗೆದುಕೊಳ್ಳಿ. 40 ಮಕ್ಕಳ ಕ್ಲಾಸಾದರೆ 11 ಮತ್ತು 11. ಒಂದು ಪ್ರಶ್ನೆಯನ್ನು ಮೇಲಿನವರಲ್ಲಿ 9 ಜನ, ಕೆಳಗಿನವರಲ್ಲಿ 3 ಜನ ಸರಿ ಮಾಡಿದ್ದಾರೆ ಅಂದುಕೊಳ್ಳಿ. ವ್ಯತ್ಯಾಸ 6, ಅದನ್ನು 11ರಿಂದ ಭಾಗಿಸಿದರೆ 0.55. ಪ್ರಶ್ನೆ ಚೆನ್ನಾಗಿ ಕೆಲಸ ಮಾಡಿದೆ, ಗೊತ್ತಿರುವವರನ್ನೂ ಗೊತ್ತಿಲ್ಲದವರನ್ನೂ ಬೇರೆ ಮಾಡಿ ತೋರಿಸಿದೆ. ಇನ್ನೊಂದರಲ್ಲಿ ಮೇಲಿನವರು 4, ಕೆಳಗಿನವರು 6 ಅಂತ ಬಂದರೆ ಉತ್ತರ ಮೈನಸ್‌ನಲ್ಲಿದೆ. ಮೊದಲು ನಿಮ್ಮ ಕೀ ಉತ್ತರ ನೋಡಿ, ಆಮೇಲೆ ಪ್ರಶ್ನೆಯ ವಾಕ್ಯ ನೋಡಿ. ಬುದ್ಧಿವಂತ ಮಕ್ಕಳು ನಿಮಗೆ ಕಾಣದ ಇನ್ನೊಂದು ಅರ್ಥ ಹಿಡಿದಿರಬಹುದು. ಎರಡೂ ಸರಿ ಇದ್ದರೆ ಪ್ರಶ್ನೆಯನ್ನು ಕಸದ ಬುಟ್ಟಿಗೆ ಹಾಕಬೇಡಿ, ಕಾರಣದ ಕಾಲಂ ಓದಿ. ಹಲಸಿನ ಮರದಂಥ ಪ್ರಶ್ನೆಯಲ್ಲಿ ಮೊದಲ ರ‍್ಯಾಂಕಿನವರೂ ಒಟ್ಟಾಗಿ ಬೀಳುತ್ತಾರೆ, ಅದು ಪ್ರಶ್ನೆಯ ದೋಷವಲ್ಲ.

ಕೊನೆಗೆ ನಾಲ್ಕೈದು ಮಕ್ಕಳ ಜೊತೆ ಮಾತು

ಮೇಲಿನವರು, ನಡುವಿನವರು, ಕೆಳಗಿನವರು, ಎಲ್ಲರಿಂದಲೂ ಆರಿಸಿ. ಒಬ್ಬೊಬ್ಬರಿಗೆ ಐದು ನಿಮಿಷ ಸಾಕು. 'ಇದನ್ನು ಯಾಕೆ ಆರಿಸಿದೆ' ಅಂತ ಕೇಳಿ ಕಾಯಿರಿ. ಮೌನ ಉದ್ದ ಅನ್ನಿಸುತ್ತದೆ, ಆದರೂ ಕಾಯಿರಿ. ಮಕ್ಕಳು ನಮ್ಮ ಹುಬ್ಬು ನೋಡಿ ಉತ್ತರ ಬದಲಿಸುತ್ತಾರೆ, 'ಅಲ್ಲಾ ಮಿಸ್, ಇನ್ನೊಂದು' ಅಂತ. ಅದಕ್ಕೇ ಸರಿ ಉತ್ತರಕ್ಕೂ ತಪ್ಪು ಉತ್ತರಕ್ಕೂ ಒಂದೇ ಮುಖ ಇಟ್ಟುಕೊಂಡು 'ಹೌದಾ, ಹೇಗೆ ಗೊತ್ತು?' ಅಂತ ಮಾತ್ರ ಕೇಳಿ.

ಮಾತಿನ ನಡುವೆ ಎದುರು ಸಾಕ್ಷಿ ಇಟ್ಟು ನೋಡಬಹುದು. ಸೂರ್ಯ ಹತ್ತಿರ ಬಂದಾಗ ಬೇಸಿಗೆ ಅಂದವಳಿಗೆ, ಭೂಮಿ ಸೂರ್ಯನಿಗೆ ತೀರಾ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್, ಜುಲೈನಲ್ಲಿ 15.2 ಕೋಟಿ ಅಂತ ಹೇಳಿ. ಮರದ ತೂಕ ಮಣ್ಣಿನಿಂದ ಅಂದವನಿಗೆ ಹದಿನೇಳನೇ ಶತಮಾನದ ವಿಜ್ಞಾನಿ ವ್ಯಾನ್ ಹೆಲ್ಮಾಂಟ್‌ನ ಪ್ರಯೋಗ ಕೊಡಿ. ಅವನು ಐದು ವರ್ಷ ಕುಂಡದಲ್ಲಿ ವಿಲೋ ಗಿಡ ಬೆಳೆಸಿದ, ಗಿಡ 70 ಕೆಜಿಗೂ ಜಾಸ್ತಿ ಕೂಡಿತು, ಮಣ್ಣು ಕಳೆದುಕೊಂಡದ್ದು 60 ಗ್ರಾಂ ಆಸುಪಾಸು. 1648ರಲ್ಲಿ ಅದು ಅಚ್ಚಾಯಿತು. ಎಲ್ಲವೂ ನೀರಿನಿಂದಲೇ ಬಂತು ಅಂತ ಅವನು ತೀರ್ಮಾನಿಸಿದ, ಗಾಳಿ ಅವನ ಲೆಕ್ಕಕ್ಕೆ ಸಿಗಲಿಲ್ಲ. ಈ ಅಂಕಿ ಕೇಳಿದ ಮೇಲೂ ಮಗು 'ಮಣ್ಣಿನ ಸಾರ ಹೋಗಿರುತ್ತೆ ಸರ್' ಅಂದರೆ ಅದನ್ನೂ ಹಾಗೇ ಬರೆದುಕೊಳ್ಳಿ.

ಪ್ರಶ್ನೆಪತ್ರಿಕೆಗಳನ್ನು ಅದೇ ದಿನ ವಾಪಸ್ ತೆಗೆದುಕೊಳ್ಳಿ, ಇಲ್ಲವಾದರೆ ಪಕ್ಕದ ಸೆಕ್ಷನ್‌ಗೆ ಮಧ್ಯಾಹ್ನದೊಳಗೆ ತಲುಪುತ್ತದೆ. ದಸರಾ ರಜೆ ಮುಗಿದ ಮೇಲೆ ಅದೇ ಹತ್ತು ವಿಚಾರವನ್ನು ಬೇರೆ ವೇಷದಲ್ಲಿ ಕೇಳಿ: ಐಸ್ ಬದಲು ಫ್ಲಾಸ್ಕಿನ ಕಾಫಿ ಮತ್ತು ತಣ್ಣನೆ ಮಜ್ಜಿಗೆ, ಹಲಸಿನ ಬದಲು ಬರೀ ನೀರಿನ ಬಾಟಲಿಯಲ್ಲಿ ಬೆಳೆದ ಮನಿ ಪ್ಲಾಂಟ್. ಜೂನ್ ಹಾಳೆಯ ಪಕ್ಕ ಈ ಹಾಳೆ ಇಟ್ಟು, ಯಾರ ಅಕ್ಷರ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ನೋಡಿ.