ಹತ್ತಿರದ ಕೋಟೆ, ಬಂಗಲೆ ನೋಡಲು ಹೊರಟವರಿಗೆ: ಬರ್ಮಿಂಗ್‌ಹ್ಯಾಮ್‌ ಸುತ್ತಮುತ್ತಲಿನ ಹೊಸಬರಿಗೆ ನಾಲ್ಕು ಮಾತು

ಇಲ್ಲಿಗೆ ಹೊಸದಾಗಿ ಬಂದ ನಮ್ಮವರ ಶನಿವಾರಗಳು ಎಲ್ಲರದ್ದೂ ಒಂದೇ ಥರ. ಬೆಳಿಗ್ಗೆ ಇಂಡಿಯನ್ ಅಂಗಡಿಯಲ್ಲಿ ಸೋನಾ ಮಸೂರಿ, ಕರಿಬೇವು. ಮಧ್ಯಾಹ್ನ ಬುಲ್‌ರಿಂಗ್ ಮಾಲ್. ಸಂಜೆ ಯಾರದೋ ಮನೆಯಲ್ಲಿ ಊಟ, ಅದೇ ವೀಸಾ ಮಾತು, ಅದೇ ಬಾಡಿಗೆ ಮಾತು. ಊರಿಂದ ಹಿರಿಯರು ಬಂದಾಗ ಮಾತ್ರ ಗಡಿಬಿಡಿಯಲ್ಲಿ ಲಂಡನ್ನು, ಸ್ಟೋನ್‌ಹೆಂಜು. ಮನೆಯಿಂದ ಅರ್ಧ ಮುಕ್ಕಾಲು ಗಂಟೆಯಲ್ಲಿ ನಾನೂರು ಐನೂರು ವರ್ಷದ ಬಂಗಲೆಗಳಿವೆ ಅಂತ ಗೊತ್ತಾಗುವ ಹೊತ್ತಿಗೆ ಮಕ್ಕಳು "ನಾನು ಬರಲ್ಲ" ಅನ್ನುವ ವಯಸ್ಸಿಗೆ ಬಂದಿರುತ್ತಾರೆ.

ಕಾಗದದ ಕೆಲಸ ಬೇಗ ಮುಗಿಸಿಬಿಡೋಣ. ಇಂಥ ಹಳೇ ಬಂಗಲೆ, ತೋಟಗಳನ್ನು ನೋಡಿಕೊಳ್ಳುವ ಸಂಸ್ಥೆ ನ್ಯಾಷನಲ್ ಟ್ರಸ್ಟ್. ಅದರ ಫ್ಯಾಮಿಲಿ ಮೆಂಬರ್‌ಶಿಪ್ ಆನ್‌ಲೈನ್‌ನಲ್ಲೇ ಆಗುತ್ತದೆ. ಟ್ಯಾಕ್ಸ್ ಕಟ್ಟುತ್ತಿದ್ದರೆ ಗಿಫ್ಟ್ ಏಯ್ಡ್ ಟಿಕ್ ಮಾಡಿ, ನಿಮ್ಮ ದುಡ್ಡಿನ ಜೊತೆಗೆ ಸರ್ಕಾರದಿಂದಲೂ ಟ್ರಸ್ಟಿಗೆ ಸ್ವಲ್ಪ ಸಿಗುತ್ತೆ. ಇಂಗ್ಲಿಷ್ ಹೆರಿಟೇಜ್ ಬೇರೆ ಸಂಸ್ಥೆ, ಅದರ ಕಾರ್ಡ್ ಬೇರೆ. ವಾರಿಕ್ ಕ್ಯಾಸಲ್ ಇವೆರಡರಲ್ಲಿ ಯಾವುದಕ್ಕೂ ಸೇರಿದ್ದಲ್ಲ. ಸೆಪ್ಟೆಂಬರ್‌ನಲ್ಲಿ ಹೆರಿಟೇಜ್ ಓಪನ್ ಡೇಸ್ ಅಂತ ಬರುತ್ತೆ, ಆಗ ಎಷ್ಟೋ ಜಾಗ ಪುಕ್ಕಟೆ. ಅಷ್ಟೇ.

ಇನ್ನು ನಮ್ಮ ನಿಜವಾದ ಕಾಯಿಲೆ. ದುಡ್ಡು ಕೊಟ್ಟಿದ್ದೀವಿ, ವಸೂಲಿ ಆಗಬೇಕು. ಒಂದೇ ದಿನ ಮೂರು ಬಂಗಲೆ, ಪ್ರತಿ ಬಾಗಿಲಲ್ಲೂ ಫೋಟೋ, ಕಾರಿನಲ್ಲಿ ಪುಳಿಯೋಗರೆ, ರಾತ್ರಿ ಎಲ್ಲರಿಗೂ ತಲೆನೋವು. ಆಮೇಲೆ ಮತ್ತೆ ಅಲ್ಲಿಗೆ ಹೋಗೋಣ ಅಂದರೆ "ನೋಡಿ ಆಯ್ತಲ್ಲ". ಮೆಂಬರ್‌ಶಿಪ್ ಇರೋದೇ ನೋಡಿದ್ದನ್ನು ಮತ್ತೆ ನೋಡೋಕೆ. ಒಂದು ಗಂಟೆ ಹೋಗಿ, ಒಂದು ಕೋಣೆ ನೋಡಿ, ಹುಲ್ಲಿನ ಮೇಲೆ ಕೂತು ಮೊಸರನ್ನ ತಿಂದು ವಾಪಸ್ ಬನ್ನಿ. ಮನೆಯೊಳಗೆ ತಿನ್ನುವ ಹಾಗಿಲ್ಲ, ಪಾರ್ಕಿನಲ್ಲಿ ಯಾರೂ ಏನೂ ಅನ್ನಲ್ಲ. ಚಳಿಗಾಲದಲ್ಲಿ ಎಷ್ಟೋ ಕಡೆ ತೋಟ ಮಾತ್ರ ತೆರೆದಿರುತ್ತೆ, ಮನೆಗೆ ಬೀಗ. ಹೊರಡುವ ಮುಂಚೆ ನೋಡಿಕೊಳ್ಳಿ.

ಒಳಗಿನ ರೀತಿ ರಿವಾಜು ಹೇಳಿಕೊಡೋರು ಯಾರೂ ಇರೋದಿಲ್ಲ. ಚಪ್ಪಲಿ ಎಲ್ಲಿ ಬಿಡಬೇಕು ಅಂತ ಹುಡುಕಬೇಡಿ, ಹಾಕಿಕೊಂಡೇ ಹೋಗಬೇಕು, ಹೈ ಹೀಲ್ಸ್ ಮಾತ್ರ ಬೇಡ. ಪರದೆ ಅರ್ಧ ಎಳೆದು ಕತ್ತಲು ಮಾಡಿರುತ್ತಾರೆ, ಬೆಳಕಿಗೆ ಹಳೇ ಬಟ್ಟೆ, ಚಿತ್ರಗಳ ಬಣ್ಣ ಹೋಗುತ್ತೆ ಅಂತ. ಮೊಬೈಲ್ ಟಾರ್ಚ್ ಹಾಕಬೇಡಿ. ಕೆಲವು ಕುರ್ಚಿಗಳ ಮೇಲೆ ಒಣಗಿದ ಮುಳ್ಳುಮುಳ್ಳಿನ ಹೂವೋ, ಪೈನ್ ಕಾಯಿಯೋ ಇಟ್ಟಿರುತ್ತಾರೆ. ಕೂರಬೇಡಿ ಅಂತ ಅರ್ಥ. ನಮ್ಮ ಮಾವ ಅದನ್ನು ಯಾರೋ ಮಗು ಮರೆತು ಹೋಗಿದೆ ಅಂದುಕೊಂಡು ಕಿಟಕಿಗಟ್ಟೆ ಮೇಲಿಟ್ಟು ಕೂತೇಬಿಟ್ಟರು. ಆ ಕೋಣೆಯ ವಾಲಂಟಿಯರ್ ಅಜ್ಜಿ ನಗುತ್ತಾ ಬಂದು, ಹೊರಗೆ ಬೆಂಚ್ ಇದೆ, ಬಿಸಿಲೂ ಚೆನ್ನಾಗಿದೆ ಅಂದರು. ಮಾವ ನನಗೆ, "ನೋಡಮ್ಮ, ಎಷ್ಟು ಒಳ್ಳೆ ಹೆಂಗಸು, ವಯಸ್ಸಾದೋರು ಅಂತ ವಿಚಾರಿಸ್ತಾರೆ" ಅಂದರು. ಎಬ್ಬಿಸ್ತಿದ್ದಾರೆ ಅಂತ ನಾನು ಹೇಗೆ ಹೇಳಲಿ?

ಈ ವಾಲಂಟಿಯರ್‌ಗಳನ್ನು ಮಾತಾಡಿಸಿ. ಬಹಳಷ್ಟು ಜನ ರಿಟೈರ್ ಆದವರು. ಒಂದು ಪ್ರಶ್ನೆ ಕೇಳಿದರೆ ಸಾಕು, ಕಾಲು ಗಂಟೆ ನಿಮಗೇ ಮೀಸಲು. ಅಕ್ಕಪಕ್ಕದವರ ಜೊತೆ ಹವಾಮಾನ ಬಿಟ್ಟು ಬೇರೆ ಮಾತೇ ಹೊರಡದ ಆ ಮೊದಲ ವರ್ಷಗಳಲ್ಲಿ ಇದು ಸಣ್ಣ ವಿಷಯವಲ್ಲ.

ಮಕ್ಕಳಿದ್ದರೆ ಮೊದಲು ಬ್ಯಾಡೆಸ್ಲಿ ಕ್ಲಿಂಟನ್. ಸುತ್ತ ನೀರಿನ ಕಂದಕ, ಒಳಗೆ ಕ್ಯಾಥೊಲಿಕ್ ಪಾದ್ರಿಗಳು ಬಚ್ಚಿಟ್ಟುಕೊಳ್ಳುತ್ತಿದ್ದ ಬಿಲ. 1591ರಲ್ಲಿ ಸರ್ಕಾರದ ಕಡೆಯವರು ಮನೆ ಜಾಲಾಡುವಾಗ ಪಾದ್ರಿಗಳು ಕೆಳಗಿನ ಚರಂಡಿ ಸುರಂಗದ ನೀರಲ್ಲಿ ಗಂಟೆಗಟ್ಟಲೆ ನಿಂತಿದ್ದರಂತೆ. ಓಡಾಡೋಕೆ ಕೆನಿಲ್‌ವರ್ತ್ ಕೋಟೆ. 1575ರಲ್ಲಿ ಎಲಿಜಬೆತ್ ರಾಣಿ 19 ದಿನ ಇದ್ದ ಜಾಗ, ಈಗ ಪಾಳು. ಇದು ಇಂಗ್ಲಿಷ್ ಹೆರಿಟೇಜ್ ಕೈಯಲ್ಲಿದೆ.

ನನಗೆ ಇಷ್ಟ ಚಾರ್ಲ್‌ಕೋಟ್ ಪಾರ್ಕ್. ಜಿಂಕೆಗಳಿಗಾಗಿ ಎಲ್ಲರೂ ಹೋಗುತ್ತಾರೆ. ಹುಡುಗ ಶೇಕ್ಸ್‌ಪಿಯರ್ ಇಲ್ಲಿ ಜಿಂಕೆ ಕದ್ದು ಸಿಕ್ಕಿಬಿದ್ದ ಅಂತ ಒಂದು ಕಥೆ ಬೇರೆ. ನಾನು ಹೋಗೋದು ಅಡುಗೆಮನೆಗೆ. ಗೋಡೆಗುಂಟ ತಾಮ್ರದ ಪಾತ್ರೆಗಳು, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ, ಮುಖ ಕಾಣುವ ಹಾಗೆ ತಿಕ್ಕಿಟ್ಟಿದ್ದಾರೆ. ಪಕ್ಕದಲ್ಲೇ ಬಟ್ಟೆ ಒಗೆಯುವ ಮನೆ, ಬಿಯರ್ ಕಾಯಿಸುವ ಮನೆ. ಮೊದಲ ಸಲ ನೋಡಿದಾಗ ಹೊಟ್ಟೆ ಉರಿಯಿತು. ನಮ್ಮಜ್ಜಿಯ ಬಚ್ಚಲ ಹಂಡೆ ಇದಕ್ಕಿಂತ ದೊಡ್ಡದಿತ್ತು. ಗೀಸರ್ ಬಂದ ವರ್ಷ ಅದನ್ನು ಗುಜರಿಯವನಿಗೆ ತೂಕಕ್ಕೆ ಹಾಕಿದೆವು. ತೊಟ್ಟಿ ಮನೆ ಕೆಡವಿದಾಗ ಕಂಬಗಳು ಯಾವುದೋ ರೆಸಾರ್ಟಿಗೆ ಹೋದವು. ನನ್ನ ಮಗನಿಗೆ ಚಾರ್ಲ್‌ಕೋಟ್‌ನ ಲೂಸಿ ಮನೆತನದ ಅಡುಗೆಮನೆ ಯಾವ ಮೂಲೆಯಲ್ಲಿ ಏನಿದೆ ಅಂತ ಗೊತ್ತು, ಅವನ ಮುತ್ತಜ್ಜಿಯದು ಫೋಟೋದಲ್ಲೂ ಇಲ್ಲ.

ಮಾವ ಪ್ರತಿ ಬಂಗಲೆಯಲ್ಲೂ ಕೇಳುತ್ತಿದ್ದದ್ದು ಒಂದೇ. "ಇಷ್ಟೊಂದು ದುಡ್ಡು ಎಲ್ಲಿಂದ ಬಂತಮ್ಮ ಇವರಿಗೆ?" ಮೊದಮೊದಲು ಇಂಗ್ಲಿಷಿನಲ್ಲಿ ಕೇಳೋಕೆ ನನಗೇ ಮುಜುಗರ. ಈಗ ನೀವು ಧೈರ್ಯವಾಗಿ ಕೇಳಬಹುದು. ಗುಲಾಮಗಿರಿಗೋ ವಸಾಹತಿಗೋ ನಂಟಿರುವ ತನ್ನ 93 ಜಾಗಗಳನ್ನು ನ್ಯಾಷನಲ್ ಟ್ರಸ್ಟೇ 2020ರಲ್ಲಿ ಪಟ್ಟಿ ಮಾಡಿ ಪ್ರಕಟಿಸಿತು. ಇಲ್ಲಿ ದೊಡ್ಡ ಗಲಾಟೆಯೂ ಆಯ್ತು.

ಆ ಪ್ರಶ್ನೆಯ ಉತ್ತರ ಕಣ್ಣಿಗೇ ಕಾಣೋದು ವೇಲ್ಸ್‌ನ ಪೊವಿಸ್ ಕ್ಯಾಸಲ್‌ನಲ್ಲಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಮದ್ರಾಸಿನ ಗವರ್ನರ್ ಆಗಿದ್ದವನು ಎಡ್ವರ್ಡ್ ಕ್ಲೈವ್, ಪ್ಲಾಸಿ ಯುದ್ಧ ಗೆದ್ದ ಆ ರಾಬರ್ಟ್ ಕ್ಲೈವನ ಮಗ. ಮರುವರ್ಷ ಅವನ ಹೆಂಡತಿ, ಈ ಪೊವಿಸ್ ಮನೆತನದ ಹೆನ್ರಿಯೆಟ್ಟಾ, ಮಕ್ಕಳ ಸಮೇತ ಬೆಂಗಳೂರು, ಶ್ರೀರಂಗಪಟ್ಟಣ ಸುತ್ತಿ ಬಂದಳು. ಟಿಪ್ಪುವಿನ ಸಿಂಹಾಸನ ಒಡೆದು ಹಂಚಿಕೊಂಡಾಗ ಸಿಕ್ಕ, ಕೆಂಪು ಹರಳು ಕೂರಿಸಿದ ಚಿನ್ನದ ಹುಲಿತಲೆ ಒಂದು ಇಲ್ಲಿದೆ. ಟಿಪ್ಪುವಿನ ಡೇರೆಯೂ ಇಲ್ಲಿಗೇ ಬಂತು. ಬಿಳಿ ಹತ್ತಿ ಬಟ್ಟೆ, ಮೇಲೆ ಕೆಂಪು ಹೂಗಳ ಚಿತ್ತಾರ. ಅದನ್ನು ಈ ಮನೆಯವರು ಗಾರ್ಡನ್ ಪಾರ್ಟಿಗೆ ಶಾಮಿಯಾನ ಮಾಡಿಕೊಂಡಿದ್ದರು.

ಮಾವನವರದು ಶ್ರೀರಂಗಪಟ್ಟಣದ ಹತ್ತಿರದ ಊರು. ಮಗ ಅವರನ್ನು ಕೇಳಿದ, "ಇಲ್ಲಿ ಇಟ್ಟಿದ್ದಕ್ಕೇ ಉಳೀತು ಅಲ್ವಾ ತಾತ? ಇಲ್ಲಾಂದ್ರೆ ಹರಿದು ಹೋಗಿರೋದು."

"ಹರಿದರೆ ನಮ್ಮದು ಹರೀತಿತ್ತು. ಇವರಿಗೇನು?"

ಕಾರಿನಲ್ಲಿ ವಾಪಸ್ ಬರುವಾಗಲೂ ಇದೇ ಜಗಳ. ಟಿಪ್ಪು ಬಗ್ಗೆ ನಮ್ಮಲ್ಲೇ ಒಮ್ಮತ ಇಲ್ಲ, ಮೇಲುಕೋಟೆಯವರನ್ನೋ ಕೊಡಗಿನವರನ್ನೋ ಕೇಳಿದರೆ ಬೇರೆಯದೇ ಹೇಳುತ್ತಾರೆ. ಹಂಡೆ ಮಾರಿದವಳು ನಾನು, ಯಾರ ಪರವೂ ಬಾಯಿ ಬಿಡಲಿಲ್ಲ.

ದಕ್ಷಿಣದ ಕಡೆ ಇರುವವರಿಗೆ: ರೆಡಿಂಗ್ ಹತ್ತಿರದ ಬ್ಯಾಸಿಲ್‌ಡನ್ ಪಾರ್ಕ್ ಕಟ್ಟಿಸಿದ್ದು ಈಸ್ಟ್ ಇಂಡಿಯಾ ಕಂಪನಿಯಲ್ಲಿ ದುಡ್ಡು ಮಾಡಿದ ಫ್ರಾನ್ಸಿಸ್ ಸೈಕ್ಸ್. ಐಲ್ ಆಫ್ ವೈಟ್‌ನ ಆಸ್ಬೋರ್ನ್ ಹೌಸ್‌ನಲ್ಲಿ ಕೊಡಗಿನ ಗೌರಮ್ಮನ ಅಮೃತಶಿಲೆಯ ಪ್ರತಿಮೆ ಇದೆ. ಚಿಕವೀರರಾಜೇಂದ್ರನ ಮಗಳು, 1852ರಲ್ಲಿ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ಕ್ರೈಸ್ತ ದೀಕ್ಷೆ ಕೊಡಿಸಿದ ಹುಡುಗಿ. 1864ರಲ್ಲಿ ತೀರಿಕೊಂಡಳು, ಊರಿಗೆ ಮರಳಲೇ ಇಲ್ಲ.

ಪೊವಿಸ್‌ಗೆ ಕಾರೇ ಬೇಕಂತಿಲ್ಲ. ಬರ್ಮಿಂಗ್‌ಹ್ಯಾಮ್‌ನ ನ್ಯೂ ಸ್ಟ್ರೀಟ್ ಸ್ಟೇಷನ್‌ನಿಂದ ಪೊವಿಸ್ ಪಕ್ಕದ ವೆಲ್ಷ್‌ಪೂಲ್‌ಗೆ ನೇರ ಟ್ರೈನ್, ಸುಮಾರು ಒಂದೂವರೆ ಗಂಟೆ. ಅಲ್ಲಿಂದ ಒಂದು ಮೈಲಿಗಿಂತ ಸ್ವಲ್ಪ ಹೆಚ್ಚು ನಡಿಗೆ, ಕೊನೆಗೆ ಏರು. ತೋಟ ಗುಡ್ಡದ ಮೇಲೆ ಅಂತಸ್ತು ಅಂತಸ್ತಾಗಿ ಇಳಿಯುತ್ತೆ, ಮಂಡಿ ನೋವಿನವರು ಜೊತೆಗಿದ್ದರೆ ಮೇಲಿನ ಅಂತಸ್ತಿನಲ್ಲೇ ಕೂರಿಸಿ. ಅಲ್ಲಿ ನವಿಲುಗಳು ಓಡಾಡುತ್ತವೆ. ಬುತ್ತಿ ಬಿಚ್ಚಿದರೆ ಹತ್ತಿರಕ್ಕೇ ಬರುತ್ತವೆ, ಹುಷಾರು.