ಕಲ್ಲು ಚಪ್ಪಡಿಯ ಕೋಳಿ ಮನೆ ಮೂರನೇ ಸಲಕ್ಕೆ ಕೈ ಹಿಡಿಯಿತು

ಚಪ್ಪಡಿ ನೆಟ್ಟು ಕೋಳಿ ಮನೆ ಕಟ್ಟುತ್ತೇನೆ ಅಂದಾಗ ನಮ್ಮೂರಲ್ಲಿ ಒಬ್ಬರೂ ಒಪ್ಪಲಿಲ್ಲ. ಬೇಸಿಗೆಯಲ್ಲಿ ಕಲ್ಲು ಕಾದು ಕೋಳಿ ಬೆಂದು ಹೋಗುತ್ತವೆ ಅಂದರು. ನೆಲಕ್ಕೆ ಸಿಮೆಂಟ್ ಹಾಕಲ್ಲ ಅಂದಾಗ ನಮ್ಮಣ್ಣ ಜಗಳಕ್ಕೇ ಬಂದ. ಈಗ ಎರಡು ಬೇಸಿಗೆ, ಎರಡು ಮಳೆಗಾಲ ದಾಟಿದೆ. ರಾತ್ರಿ ಹೊತ್ತು ಒಂದೇ ಒಂದು ಕೋಳಿಯನ್ನೂ ನಾಯಿಗಾಗಲಿ, ಕಾಡುಬೆಕ್ಕಿಗಾಗಲಿ ಕಳೆದುಕೊಂಡಿಲ್ಲ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಮ್ಮದು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹತ್ತಿರ ಎರಡೂಕಾಲು ಎಕರೆ. ಜಾಸ್ತಿ ಭಾಗ ಮಾವು, ಉಳಿದದ್ದರಲ್ಲಿ ರಾಗಿ, ಅವರೆ, ಮನೆಗೆ ತರಕಾರಿ, ಎರಡು ಹಸು. ಹೊರಗಿಂದ ಗೊಬ್ಬರ ತರಬಾರದು ಅಂತ ಹಟ. ಅದಕ್ಕೆ ಕೋಳಿ ಬೇಕೇ ಬೇಕಿತ್ತು.

ಮೊದಲನೇ ಗೂಡು 2020ರಲ್ಲಿ. ಬಿದಿರು, ಮೇಲೆ ಮಾಮೂಲಿ ಕೋಳಿ ಜಾಲರಿ, ಅದೇ ಆರು ಮೂಲೆಯ ಕಣ್ಣಿನದು. ಹತ್ತಿರ ಹತ್ತಿರ ಒಂಬತ್ತು ಸಾವಿರ ಖರ್ಚಾಯಿತು. ಮೂರು ತಿಂಗಳು ಚೆನ್ನಾಗಿತ್ತು. ಒಂದು ರಾತ್ರಿ ಬೀದಿನಾಯಿಗಳು ಜಾಲರಿಯನ್ನು ಹಳೆ ಬಟ್ಟೆ ಹರಿದ ಹಾಗೆ ಹರಿದು ಒಳಗೆ ನುಗ್ಗಿದವು. ಹದಿನಾಲ್ಕರಲ್ಲಿ ಹನ್ನೊಂದು ಹೋದವು. ತಿಂದಿದ್ದು ಎರಡೋ ಮೂರೋ, ಉಳಿದವನ್ನು ಸುಮ್ನೆ ಕಚ್ಚಿ ಬಿಸಾಕಿದ್ದವು. ಆ ಬೆಳಗ್ಗೆ ನನ್ನ ಮಗಳು ಊಟ ಮಾಡಲಿಲ್ಲ. ಆ ಜಾಲರಿ ಇರುವುದು ಕೋಳಿ ಹೊರಗೆ ಹೋಗದ ಹಾಗೆ ತಡೆಯೋಕೆ, ಹೊರಗಿನದು ಒಳಗೆ ಬರದ ಹಾಗೆ ತಡೆಯೋಕಲ್ಲ.

ಎರಡನೇ ಸಲ ಸಿಟ್ಟಿನಲ್ಲಿ ಕಟ್ಟಿದೆ. ಸಿಮೆಂಟ್ ಇಟ್ಟಿಗೆ, ಸಿಮೆಂಟ್ ನೆಲ, ತಗಡಿನ ಶೀಟು, 26 ಸಾವಿರ. ಮೇಸ್ತ್ರಿ ದಾರಿಗೆ ನೇರವಾಗಿರಲಿ ಅಂತ ಉದ್ದದ ಗೋಡೆಗಳನ್ನು ಪೂರ್ವ ಪಶ್ಚಿಮಕ್ಕೆ ಮುಖ ಮಾಡಿಬಿಟ್ಟ, ನಾನೂ ಬೇಡ ಅನ್ನಲಿಲ್ಲ. ಮಧ್ಯಾಹ್ನ ಮೂರು ಗಂಟೆಯ ಬಿಸಿಲು ಸೀದಾ ಒಳಗೆ. ಕೋಳಿಗಳು ಬಾಯಿ ಬಿಟ್ಟುಕೊಂಡು ರೆಕ್ಕೆ ಜೋತು ಹಾಕಿ ನಿಲ್ಲುತ್ತಿದ್ದವು. ಆಮೇಲೆ 2021ರ ನವೆಂಬರ್ ಮಳೆ ನೆನಪಿದೆ ಅಲ್ವಾ, ನಮ್ಮ ಜಿಲ್ಲೆಯಲ್ಲಿ ಕೆರೆಗಳೆಲ್ಲ ಕೋಡಿ ಬಿದ್ದಿದ್ದು? ಎರಚಲು ಒಳಗೆ ಬಂದು ಸಿಮೆಂಟ್ ಮೇಲೆ ನಿಂತಿತು, ಹಿಕ್ಕೆ ಕೊಳೆಯಿತು, ಬಾಗಿಲು ತೆಗೆದರೆ ಕಣ್ಣು ಉರಿ. ಮರಿಗಳಿಗೆ ಗೊರಗೊರ ಶುರುವಾಯಿತು. ಇಪ್ಪತ್ತರ ಹತ್ತಿರ ಸತ್ತವು. ಔಷಧಿಗೇ ಎರಡು ಸಾವಿರ ಹೋಯಿತು. ಈಗ ಅದು ಹಸುವಿನ ಮೇವಿನ ಕೋಣೆ.

ಮೂರನೆಯದನ್ನು 2023ರ ಜನವರಿಯಲ್ಲಿ ಶುರು ಮಾಡಿದೆ. ಜಾಗ ದೊಡ್ಡ ತೋತಾಪುರಿ ಮರದ ಪಶ್ಚಿಮಕ್ಕಲ್ಲ, ಪೂರ್ವಕ್ಕೆ. ಸಂಜೆ ಬಿಸಿಲನ್ನು ಮರವೇ ತಡೆಯಬೇಕು. ಹತ್ತಡಿ ಎಂಟಡಿ ಅಳತೆ, ಉದ್ದ ಪೂರ್ವ ಪಶ್ಚಿಮವಾಗಿ, ಅಂದರೆ ಈ ಸಲ ಉದ್ದದ ಗೋಡೆಗಳ ಮುಖ ಉತ್ತರ ದಕ್ಷಿಣಕ್ಕೆ. ಮೊದಲು ಗರಸು ಹಾಕಿ ಒಂದಡಿ ದಿಬ್ಬ ಮಾಡಿದೆ. ಯಾರೋ ಹಳೆ ಕೊಟ್ಟಿಗೆ ಕಿತ್ತಿದ್ದರು, ಅವರ ಹತ್ತಿರ ಏಳು ಚಪ್ಪಡಿ, ಒಂದಕ್ಕೆ ನಾನೂರರಂತೆ. ಆರಡಿ ಉದ್ದ, ಮೂರಡಿ ಅಗಲ. ಅಡ್ಡಡ್ಡವಾಗಿ ನಿಲ್ಲಿಸಿ ಒಂದಡಿ ನೆಲದೊಳಗೆ ಹೂತೆ, ಮೇಲೆ ಎರಡಡಿ ಮಾತ್ರ. ಅದರ ಮೇಲೆಲ್ಲ ಅರ್ಧ ಇಂಚಿನ ವೆಲ್ಡ್ ಮೆಷ್, ಅಂದರೆ ತಂತಿಗಳನ್ನು ಬೆಸುಗೆ ಹಾಕಿದ ಚೌಕ ಕಣ್ಣಿನ ಗಟ್ಟಿ ಜಾಲರಿ. ಕಲ್ಲು ಕಾಯುತ್ತದೆ ಅನ್ನುವವರು ಪೂರ್ತಿ ಕಲ್ಲಿನ ಗೋಡೆ ಲೆಕ್ಕ ಹಾಕಿದ್ದರು. ಎರಡಡಿ ಕಲ್ಲು, ನಾಲ್ಕೂ ಕಡೆ ಗಾಳಿ, ಮೇಲೆ ಅಜ್ಜನ ಮನೆಯ ಹಳೆ ಹೆಂಚು, ಮೂರಡಿ ಚಾಚಿದ ಸೂರು. ಏಪ್ರಿಲ್ ಮಧ್ಯಾಹ್ನ ಒಳಗಡೆ ಕಲ್ಲಿಗೆ ಕೈ ಇಟ್ಟು ನೋಡಿದ್ದೇನೆ, ತಣ್ಣಗೇ ಇರುತ್ತದೆ.

ಹೆಗ್ಗಣ, ಮುಂಗುಸಿ ಕೊರೆಯದ ಹಾಗೆ ಚಪ್ಪಡಿಯ ಹೊರಗೆ ಒಂದೂವರೆ ಅಡಿ ಮೆಷ್ ನೆಲಕ್ಕೆ ಮಲಗಿಸಿ ಮೇಲೆ ಮಣ್ಣು ಮುಚ್ಚಿದ್ದೇನೆ. ಅವು ಗೋಡೆಗೆ ಅಂಟಿಕೊಂಡೇ ಕೆರೆಯುತ್ತವೆ, ಮೆಷ್ ಸಿಕ್ಕಿದರೆ ಬಿಟ್ಟು ಹೋಗುತ್ತವೆ. ಕೆರೆದ ಗುರುತು ಮೂರು ಕಡೆ ಇದೆ, ಯಾವುದೂ ನಾಲ್ಕು ಬೆರಳಿಗಿಂತ ಆಳ ಹೋಗಿಲ್ಲ. ಚಿಲಕದಲ್ಲಿ ಒಂದು ಸಣ್ಣ ಕೈಚಳಕ ಇದೆ. ಅದನ್ನು ಬಂದವರಿಗೆ ತೋರಿಸುತ್ತೇನೆ, ಬರೆಯಲ್ಲ.

ಒಟ್ಟು ಹದಿನಾಲ್ಕು, ಹದಿನೈದು ಸಾವಿರ. ಮೆಷ್‌ಗೇ ನಾಲ್ಕೂವರೆ ಹೋಯಿತು. ಅದರಲ್ಲಿ ಮಾತ್ರ ಕಾಸು ಉಳಿಸಬೇಡಿ.

ನೆಲದ ವಿಚಾರಕ್ಕೆ ಬರೋಣ. ಅರ್ಧ ಅಡಿ ನೆಲಗಡಲೆ ಸಿಪ್ಪೆ, ರಾಗಿ ಹೊಟ್ಟು, ಮಾವಿನ ಒಣ ಎಲೆ. ಗುಡಿಸಲ್ಲ. ಕೋಳಿಗಳೇ ಕೆದರುತ್ತವೆ, ವಾರಕ್ಕೊಮ್ಮೆ ಮೇಲೆ ಒಂದು ಮಂಕರಿ ಹೊಸದು. ಒಂದು ಹಿಡಿ ತೆಗೆದು ಗಟ್ಟಿಯಾಗಿ ಅಮುಕುತ್ತೇನೆ. ಕೈ ಬಿಟ್ಟಾಗ ಉದುರಿ ಹೋದರೆ ಸರಿ, ಉಂಡೆಯಾಗಿ ನಿಂತರೆ ಎಲ್ಲೋ ನೀರು ಸೇರುತ್ತಿದೆ ಅಂತ. ನೀರಿನ ಪಾತ್ರೆಯ ಸುತ್ತಲೇ ಮೊದಲು ಒದ್ದೆಯಾಗುವುದು. ಬೂಷ್ಟು ಹಿಡಿದ ಸಿಪ್ಪೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ತರಬೇಡಿ. ಎಂಟು ತಿಂಗಳಿಗೊಮ್ಮೆ ತೆಗೆದಾಗ ಎಂಟು, ಹತ್ತು ಚೀಲ ಗೊಬ್ಬರ ಬಂತು, ವಾಸನೆ ಕಾಡಿನ ಮಣ್ಣಿನದು. ಜಗಳಕ್ಕೆ ಬಂದ ಅಣ್ಣ ಎರಡು ಚೀಲ ಕೇಳಿ ತಗೊಂಡು ಹೋದ.

ಇಲ್ಲೂ ಒಂದು ತಪ್ಪು ಆಯಿತು. ಕೋಳಿ ಕೂರೋಕೆ ನೀಲಗಿರಿ ಗಳಗಳನ್ನು ಸಿಪ್ಪೆ ಸಮೇತ ಕಟ್ಟಿದ್ದೆ. ಎರಡು ತಿಂಗಳಿಗೆ ಮೊಟ್ಟೆ ಇಳಿಯಿತು, ಜುಟ್ಟು ಬಿಳಿಚಿತು. ಒಂದು ರಾತ್ರಿ ಟಾರ್ಚ್ ಹಿಡಿದು ಸಿಪ್ಪೆ ಎಬ್ಬಿಸಿದರೆ ಕೆಳಗೆ ಕೋಳಿಯ ರಕ್ತ ಹೀರುವ ಕೆಂಪು ಕೂರೆ, ಮುತ್ತಿಕೊಂಡು ಹರಿಯುತ್ತಿವೆ. ಎಲ್ಲ ಗಳ ಕೆತ್ತಿ, ಸುಣ್ಣ ಬಳಿದು, ಮೂಲೆಯಲ್ಲಿ ಕೋಳಿ ಹೊರಳಾಡೋಕೆ ಒಲೆ ಬೂದಿಯ ಗುಂಡಿ ಇಟ್ಟೆ. ಬೂದಿಗೆ ನಮ್ಮಜ್ಜಿಯ ಒಂದು ಪುಡಿ ಸೇರಿಸುತ್ತೇನೆ, ಅದು ಮನೆಯೊಳಗೇ ಇರಲಿ. ಗಿರಿರಾಜ ತಳಿಯ ಕೋಳಿ ಸಾಕುವವರು ಗಳವನ್ನು ಮೊಣಕಾಲಿಗಿಂತ ಮೇಲೆ ಕಟ್ಟಬೇಡಿ. ಅವು ಭಾರ, ಹಾರಿ ಇಳಿದು ಕಾಲು ನೋವು ಮಾಡಿಕೊಳ್ಳುತ್ತವೆ.

ಮೇವಿನಲ್ಲೂ ಏನೇನೋ ಮಾಡಿ ನೋಡಿದೆ. ಶಿಡ್ಲಘಟ್ಟ ಕಡೆಯಿಂದ, ಗೂಡಿನ ನೂಲು ತೆಗೆದ ಮೇಲೆ ಉಳಿಯುವ ಒಣಗಿದ ರೇಷ್ಮೆ ಹುಳು ತಂದು ಹಾಕಿದೆ. ಬೆಳವಣಿಗೆ ಚೆನ್ನಾಗಿತ್ತು, ಆದರೆ ಜಾಸ್ತಿ ಹಾಕಿದ್ದಕ್ಕೆ ಮೊಟ್ಟೆಗೇ ವಾಸನೆ ಬಂತು. ಗೆದ್ದಲ ಮಡಕೆ ಮಾತ್ರ ಬಿಡಲ್ಲ. ಸಗಣಿ, ಒಣ ಹುಲ್ಲು ತುಂಬಿ, ನೀರು ಚಿಮುಕಿಸಿ, ಸಂಜೆ ಹುತ್ತದ ಹತ್ತಿರ ಬೋರಲು ಹಾಕಿದರೆ ಬೆಳಗ್ಗೆ ಮರಿಗಳಿಗೆ ಹಬ್ಬ. ಮಾವಿನ ಕಾಲದಲ್ಲಿ ಕೋಳಿಗಳನ್ನು ಮರದ ಬುಡಕ್ಕೆ ಬಿಡುತ್ತೇನೆ. ಬಿದ್ದ ಹಣ್ಣಿನ ಹುಳು ಆರಿಸುತ್ತವೆ, ಹಗಲು ಕಾಯೋಕೆ ಒಬ್ಬರು ಇರಬೇಕು ಅಷ್ಟೇ.

ಈಗ 28 ಹ್ಯಾಟೆ, ಮೂರು ಹುಂಜ. ನಾಟಿ ಮೊಟ್ಟೆ ಒಂದಕ್ಕೆ ಹದಿನೈದರಂತೆ ಮನೆ ಬಾಗಿಲಲ್ಲೇ ಹೋಗುತ್ತದೆ. ಕಟ್ಟಿದ ದುಡ್ಡು ಹತ್ತು ತಿಂಗಳಲ್ಲಿ ಬಂತು, ಹಳೆ ಎರಡು ಗೂಡಿನದು ಇನ್ನೂ ಬಂದಿಲ್ಲ. ಕಾವು ಕೂತವಕ್ಕೆ ಬೇರೆ ಕೋಣೆ ಬೇಕಾಗಿದೆ. ಮೂರು ಚಪ್ಪಡಿ ತಂದು ಮಾವಿನ ಮರಕ್ಕೆ ಒರಗಿಸಿಟ್ಟಿದ್ದೇನೆ, ಯುಗಾದಿ ಆದ ಮೇಲೆ ಗುಂಡಿ ತೆಗೆಯಬೇಕು.