ಟ್ಯಾಬ್ಯುಲರ್ ಬೇಕಾ, ಕ್ಯೂಬ್ ಬೇಕಾ? ಮೊದಲು ಕಾಲಂಗಳನ್ನು ಎಣಿಸಿ

ಕೋಲಾರದ ಒಂದು ಟೊಮೆಟೊ ಮಂಡಿ. ಬೆಳಗಿನ ಹರಾಜು ಶುರುವಾಗಿತ್ತು, ಆದರೆ ರಿಪೋರ್ಟ್‌ನಲ್ಲಿ ಮೊನ್ನೆಯ ರೇಟೇ ಕಾಣುತ್ತಿತ್ತು. ರಾತ್ರಿ ಡೇಟಾ ತುಂಬುವಾಗ ಮೆಮೊರಿ ಸಾಲದೆ ಕೆಲಸ ಅರ್ಧಕ್ಕೇ ನಿಂತಿತ್ತು. ಮಾಡೆಲ್, ಅಂದರೆ ರಿಪೋರ್ಟ್‌ಗೆ ಬೇಕಾದಂತೆ ಡೇಟಾ ಜೋಡಿಸಿಡುವ ಏರ್ಪಾಡು, ಅದನ್ನು ಕಟ್ಟಿದ ಹುಡುಗ ಜಾಣ. "ಈಗ ಎಲ್ಲರೂ ಟ್ಯಾಬ್ಯುಲರ್ರೇ ಮಾಡ್ತಾರೆ ಸಾರ್" ಎಂದು ಅದನ್ನು ಆರಿಸಿದ್ದ, ಅಷ್ಟೆ. ಇದೇ ತಪ್ಪನ್ನು ನಾನು ನೋಡುತ್ತಿರುವುದು ಇದು ನಾಲ್ಕನೇ ಸಲ. ಅದಕ್ಕೇ ಬರೆಯುತ್ತಿದ್ದೇನೆ.

ಟ್ಯಾಬ್ಯುಲರ್, ಕ್ಯೂಬ್ ಎರಡೂ ಮಾಡೆಲ್‌ನ ಬಗೆಗಳು. ಇರುವುದು ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ಜೊತೆ ಬರುವ, ವಿಶ್ಲೇಷಣೆಗೆಂದೇ ಇರುವ ಅನಾಲಿಸಿಸ್ ಸರ್ವೀಸಸ್‌ನಲ್ಲಿ. ಮಲ್ಟಿಡೈಮೆನ್ಷನಲ್, ಅಂದರೆ ಕ್ಯೂಬ್, ಹಳೆಯದು. ಡೇಟಾವನ್ನು ಡಿಸ್ಕ್‌ನಲ್ಲಿ ಇಡುತ್ತದೆ, ಮೊತ್ತಗಳನ್ನು ಮೊದಲೇ ಕೂಡಿಟ್ಟುಕೊಳ್ಳಬಲ್ಲದು. ಅದರ ಭಾಷೆ ಎಂಡಿಎಕ್ಸ್. ಟ್ಯಾಬ್ಯುಲರ್ ಬಂದದ್ದು 2012ರಲ್ಲಿ. ಟೇಬಲ್‌ಗಳನ್ನು ಕಾಲಂ ಕಾಲಂ ಆಗಿ ಒತ್ತಿ (ಕಂಪ್ರೆಸ್ ಮಾಡಿ) ರ‍್ಯಾಮ್‌ನಲ್ಲಿಟ್ಟು, ಕೇಳಿದಾಗ ಕೂಡಿ ಕೊಡುತ್ತದೆ. ಅದರ ಭಾಷೆ ಡ್ಯಾಕ್ಸ್. ಮೈಕ್ರೋಸಾಫ್ಟ್‌ನ ರಿಪೋರ್ಟ್ ಟೂಲ್ ಪವರ್ ಬಿಐ ಒಳಗೆ ಓಡುವುದೂ ಇದೇ ಎಂಜಿನ್.

ಮೊದಲ ಹೆಜ್ಜೆ: ಮಾಲೀಕರು ಕೇಳುವ ಹತ್ತು ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆದುಕೊಳ್ಳಿ.

ಎರಡನೆಯದು: ಒಂದು ಸಾಲು ಅಂದರೆ ಏನು ಎಂದು ತೀರ್ಮಾನಿಸಿ. ಮಂಡಿಗೆ ಒಂದು ಲಾಟ್ ಅಂದರೆ ಒಂದು ಸಾಲು. ದಿನದ ಸರಾಸರಿ ರೇಟನ್ನು ಸಾಲಾಗಿ ಇಡಬೇಡಿ. 100 ಬಾಕ್ಸ್ 300 ರೂಪಾಯಿಗೆ, 10 ಬಾಕ್ಸ್ 500ಕ್ಕೆ ಹೋದರೆ ಸರಾಸರಿ 400 ಅಲ್ಲ, ಸುಮಾರು 318. ಈ ತಪ್ಪನ್ನು ಯಾವ ಮಾಡೆಲ್ಲೂ ಸರಿ ಮಾಡಿಕೊಡುವುದಿಲ್ಲ.

ಮೂರನೆಯದು: ಕ್ಯೂಬ್ ಬೇಕೇ ಬೇಕು ಎನ್ನುವ ಕಾರಣ ಇದೆಯೇ ನೋಡಿ. ಬಜೆಟ್ ಅಂಕಿಗಳನ್ನು ಎಕ್ಸೆಲ್‌ನಲ್ಲೇ ಟೈಪ್ ಮಾಡಿ ಮಾಡೆಲ್‌ಗೆ ವಾಪಸ್ ಬರೆಯಬೇಕಾ? ಲೆಕ್ಕದ ಖಾತೆಗಳಲ್ಲಿ ಕೆಲವನ್ನು ಕೂಡಿ ಕೆಲವನ್ನು ಕಳೆಯುತ್ತಾ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಶ್ರೇಣಿ ಇದೆಯಾ? ಡೇಟಾ ನಿಮ್ಮ ರ‍್ಯಾಮ್‌ಗಿಂತ ಎಷ್ಟೋ ಪಟ್ಟು ಜಾಸ್ತಿಯಾ? ಹೌದಾದರೆ ಕ್ಯೂಬ್ ಕಡೆಗೆ ನಡೆಯಿರಿ. ಒಬ್ಬ ರೈತ ಎರಡು ಮಂಡಿಗೆ ಸೇರಿದಂಥ ಸಂಬಂಧಕ್ಕೂ ಹಿಂದೆ ಕ್ಯೂಬೇ ಸಲೀಸು. 2016ರಿಂದ ಟ್ಯಾಬ್ಯುಲರ್‌ನಲ್ಲಿ ಎರಡು ಟೇಬಲ್‌ಗಳ ನಡುವೆ ಎರಡೂ ದಿಕ್ಕಿಗೆ ಹರಿಯುವ ಫಿಲ್ಟರ್ ಬಂತು, ಆ ಕಾರಣ ಹೋಯಿತು. ಹಾಗಂತ ಸುಲಭ ಆಗುತ್ತದೆ ಎಂದು ಎಲ್ಲ ಸಂಬಂಧಕ್ಕೂ ಅದನ್ನು ಹಾಕಬೇಡಿ. ರಿಪೋರ್ಟ್ ನಿಧಾನವಾಗುತ್ತದೆ, ಲೆಕ್ಕವೂ ಎಲ್ಲೋ ತಪ್ಪುತ್ತದೆ.

ಮೇಲಿನ ಯಾವುದೂ ಇಲ್ಲದಿದ್ದರೆ ಟ್ಯಾಬ್ಯುಲರ್ರೇ ತೆಗೆದುಕೊಳ್ಳಿ. ಆದರೆ ನಾಲ್ಕನೇ ಹೆಜ್ಜೆ ದಾಟಿದ ಮೇಲೆ.

ಎಲ್ಲರೂ ಎಡವುವುದು ಈ ನಾಲ್ಕನೆಯದರಲ್ಲೇ, ರ‍್ಯಾಮ್ ಲೆಕ್ಕದಲ್ಲಿ. ಸಾಲು ಎಷ್ಟು ಕೋಟಿ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕಿಂತ ಮುಖ್ಯ, ಒಂದೊಂದು ಕಾಲಂನಲ್ಲಿ ಬೇರೆ ಬೇರೆ ಮೌಲ್ಯಗಳು (ವ್ಯಾಲ್ಯೂ) ಎಷ್ಟು ಎನ್ನುವುದು. ತಾಲ್ಲೂಕಿನ ಹೆಸರು ಲಕ್ಷ ಸಾಲಿನಲ್ಲಿದ್ದರೂ ಹೆಸರುಗಳು ಕೆಲವೇ. ಚೆನ್ನಾಗಿ ಒತ್ತುತ್ತದೆ. ಚೀಟಿ ನಂಬರ್ ಹಾಗಲ್ಲ, ಪ್ರತಿ ಸಾಲಿಗೂ ಬೇರೆ. ಒತ್ತುವುದಕ್ಕೆ ಏನೂ ಸಿಗುವುದಿಲ್ಲ, ಅದೊಂದೇ ಕಾಲಂ ಬೇಕಾದಷ್ಟು ಜಾಗ ತಿನ್ನುತ್ತದೆ. ಹರಾಜಿನ ವಿಶ್ಲೇಷಣೆಗೆ ಚೀಟಿ ನಂಬರ್ ಯಾಕೆ ಬೇಕು ಹೇಳಿ? ತೆಗೆದುಹಾಕಿ.

ಹರಾಜಿನ ಹೊತ್ತನ್ನು ತಾರೀಖು ಮತ್ತು ಸೆಕೆಂಡ್ ಸೇರಿಸಿ ಒಂದೇ ಕಾಲಂನಲ್ಲಿ ಇಟ್ಟರೆ ವರ್ಷಕ್ಕೆ 3 ಕೋಟಿಗೂ ಹೆಚ್ಚು ಬೇರೆ ಬೇರೆ ಮೌಲ್ಯ ಬರಬಹುದು. ಎರಡು ಕಾಲಂ ಮಾಡಿ. ತಾರೀಖಿಗೆ 365, ಹೊತ್ತಿಗೆ 86,400. ನಿಮಿಷ ಸಾಕು ಅಂದರೆ 1,440. ನನ್ನ ಮಾತು ಕೇಳಿ, ನಿಮಿಷ ಸಾಕು. ಡ್ಯಾಕ್ಸ್ ಸ್ಟುಡಿಯೋ ಉಚಿತವಾಗಿ ಸಿಗುತ್ತದೆ, ಯಾವ ಕಾಲಂ ಎಷ್ಟು ಜಾಗ ಹಿಡಿದಿದೆ ಎಂದು ತೋರಿಸುತ್ತದೆ. ಅದನ್ನು ನೋಡದೆ ಸರ್ವರ್‌ಗೆ ರ‍್ಯಾಮ್ ಕೊಳ್ಳಬೇಡಿ.

ಇನ್ನೊಂದು ವಿಷಯ. ಪೂರ್ತಿ ಮಾಡೆಲ್ಲನ್ನು ಹೊಸದಾಗಿ ತುಂಬುವಾಗ, ಹೊಸದು ಸಿದ್ಧವಾಗುವವರೆಗೆ ಹಳೆಯದೂ ರ‍್ಯಾಮ್‌ನಲ್ಲೇ ಇರುತ್ತದೆ. 7 ಜಿಬಿ ಮಾಡೆಲ್‌ಗೆ 14 ಬೇಕು, ಕೆಲಸದ ಜಾಗ ಬೇರೆ. ಎಸ್‌ಕ್ಯೂಎಲ್ ಸರ್ವರ್ 2022ರ ಸ್ಟ್ಯಾಂಡರ್ಡ್ ಎಡಿಷನ್‌ನಲ್ಲಿ ಟ್ಯಾಬ್ಯುಲರ್‌ಗೆ ಸಿಗುವುದು 16 ಜಿಬಿ. ಮಷೀನ್‌ನಲ್ಲಿ 64 ಇದ್ದರೂ ಅಷ್ಟೇ. ಆ ಮಂಡಿಯ ರಾತ್ರಿ ಕೆಲಸ ನಿಂತದ್ದು ಇಲ್ಲೇ.

ಐದನೆಯದು ಇನ್‌ಸ್ಟಾಲ್. ಟ್ಯಾಬ್ಯುಲರ್ರೋ ಮಲ್ಟಿಡೈಮೆನ್ಷನಲ್ಲೋ ಎಂದು ಆಗಲೇ ಕೇಳುತ್ತದೆ. ಆಮೇಲೆ ಬದಲಿಸಲು ಬರುವುದಿಲ್ಲ, ಎರಡೂ ಬೇಕಾದರೆ ಸರ್ವರ್‌ನ ಎರಡು ಬೇರೆ ಪ್ರತಿ, ಅಂದರೆ ಎರಡು ಇನ್‌ಸ್ಟನ್ಸ್ ಹಾಕಿ. ಒಂದೇ ಕ್ಲಿಕ್‌ನಲ್ಲಿ ಕ್ಯೂಬನ್ನು ಟ್ಯಾಬ್ಯುಲರ್ ಮಾಡುತ್ತೇವೆ ಎನ್ನುವ ಟೂಲ್‌ಗಳಿಗೆ ದುಡ್ಡು ಕೊಡಬೇಡಿ. ಎಂಡಿಎಕ್ಸ್‌ನಲ್ಲಿ ಬರೆದ ಲೆಕ್ಕವನ್ನು ಡ್ಯಾಕ್ಸ್‌ನಲ್ಲಿ ಕೂತು ಮತ್ತೆ ಬರೆಯಬೇಕು.

ಕೊನೆಯದು ಪರೀಕ್ಷೆ. ಸ್ಯಾಂಪಲ್ ಡೇಟಾ ಬೇಡ. ಟೊಮೆಟೊ ಜಾಸ್ತಿ ಬರುವ ತಿಂಗಳಿನ ಪೂರ್ತಿ ಡೇಟಾ ತುಂಬಿ. ತುಂಬುತ್ತಿರುವಾಗಲೇ ನಾಲ್ಕು ಜನ ರಿಪೋರ್ಟ್ ತೆರೆದು ಕೂರಲಿ. ಆ ಹುಡುಗ ಚೀಟಿ ನಂಬರ್ ತೆಗೆದು, ಹೊತ್ತನ್ನು ಬೇರೆ ಮಾಡಿ, ಹೀಗೇ ಪರೀಕ್ಷಿಸಿದ. ಮರುದಿನ ಹರಾಜಿಗೆ ಮುಂಚೆಯೇ ನಿನ್ನೆಯ ರೇಟು ಪರದೆಯ ಮೇಲಿತ್ತು.